ಕೊನೇ ಹಲ್ಲಿನ ತನಕ

ಎಡಗಡೆ ಕೆಳಗಿನ ಕೊನೇ ದವಡೆಹಲ್ಲು. ನನ್ನ ಬೆಳಗಿನ ಕಷ್ಟವೆಲ್ಲ ಅಲ್ಲೇ ಇರುವುದು. ಮುಂದಿನ ಹಲ್ಲುಗಳ ಮೇಲೆ ಬ್ರಷ್ ಎಷ್ಟು ಹೊತ್ತು ಓಡಾಡಿದರೂ ತಕರಾರಿಲ್ಲ. ಕೋರೆಹಲ್ಲು ದಾಟಿದರೂ ಪರವಾಗಿಲ್ಲ. ಆ ಕೊನೇ ಹಲ್ಲಿನ ಒಳಬದಿಗೆ ಮುಟ್ಟಿತೋ ಇಲ್ಲವೋ, ವ್ಯಾಕ್! ಕಣ್ಣಲ್ಲಿ ನೀರು, ಕನ್ನಡಿಯ ಮೇಲೆ ಪೇಸ್ಟಿನ ಚುಕ್ಕಿಗಳು. ಹೊಟ್ಟೆಯಿಂದ ಏನೂ ಬರುವುದಿಲ್ಲ, ಬರೀ ಸದ್ದು. ಆದರೆ ಎಂಥಾ ಸದ್ದು ಅಂತೀರಿ!

ಮದುವೆಯಾಗಿ ಗಂಡನ ಮನೆಗೆ ಬಂದ ಮೂರನೇ ದಿನ ಈ ಸದ್ದು ಬಚ್ಚಲಿನಿಂದ ಅಡುಗೆಮನೆಗೆ ತಲುಪಿತು. ಮುಖ ಒರೆಸಿಕೊಂಡು ಹೊರಗೆ ಬಂದರೆ ಒಗ್ಗರಣೆಗೆ ಎತ್ತಿದ ಸಾಸಿವೆ ಅತ್ತೆಯ ಕೈಯಲ್ಲೇ ನಿಂತಿತ್ತು. ಅವರು ಏನೂ ಕೇಳಲಿಲ್ಲ. ಮದುವೆಗೆಂದು ಬಂದು ಉಳಿದಿದ್ದ ಅವರ ಅಕ್ಕ ಮಾತ್ರ ಹತ್ತಿರ ಬಂದು ಮೆಲ್ಲಗೆ, "ಏನಮ್ಮಾ, ವಿಶೇಷಾನಾ?" ಎಂದರು. ಮೂರೇ ದಿನ! ದೊಡ್ಡಮ್ಮನ ಲೆಕ್ಕ ಎಲ್ಲಿಗೆ ಹೋಗುತ್ತಿದೆ ಅಂತ ಹೊಳೆದು ನನಗೆ ಇನ್ನೊಮ್ಮೆ ಓಕರಿಕೆ ಬರುವ ಹಾಗಾಯಿತು. "ಇಲ್ಲ ದೊಡ್ಡಮ್ಮ, ಹಲ್ಲುಜ್ಜಿದೆ ಅಷ್ಟೆ" ಎಂದೆ. ಹಲ್ಲುಜ್ಜಿದರೆ ಯಾರಾದರೂ ಹಾಗೆ ಕೂಗ್ತಾರಾ ಅನ್ನುವ ಮುಖ ಮಾಡಿದರು.

ನಮ್ಮಜ್ಜ ಕೂಗುತ್ತಿದ್ದರು. ಅದೂ ಬೇಕೆಂದೇ. ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಗೈಗೆ ನಂಜನಗೂಡು ಹಲ್ಲುಪುಡಿ ಸುರಿದುಕೊಂಡು ತೋರುಬೆರಳಲ್ಲಿ ಉಜ್ಜುವರು. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ಪುಡಿ ಬಿಟ್ಟು ಬೇರೆಯದು ಅವರ ಬಾಯಿಗೆ ಹೋದದ್ದಿಲ್ಲ. ಆಮೇಲೆ ಎರಡು ಬೆರಳು ನಾಲಿಗೆಯ ಬುಡದ ತನಕ ಬಿಟ್ಟು, ಆಆಕ್ ಎಂದು ಶುರುಮಾಡಿದರೆ ಕೊಟ್ಟಿಗೆಯ ದನ ಕಿವಿ ನಿಮಿರಿಸುತ್ತಿದ್ದವು. ಒಂದು ಸಲವಲ್ಲ, ನಾಲ್ಕೈದು ಸಲ. "ಪಿತ್ತ ಹೋಗಬೇಕು ಕಣೇ" ಅನ್ನುತ್ತಿದ್ದರು. ಅವರು ಕಷ್ಟಪಟ್ಟು ತರಿಸಿಕೊಳ್ಳುತ್ತಿದ್ದದ್ದು ನನಗೆ ಪುಕ್ಕಟೆ ಸಿಕ್ಕಿದೆ. ಆಸ್ತಿಯಲ್ಲಿ ಪಾಲು ಬರಲಿಲ್ಲ, ಇದು ಬಂತು.

ಅಸಲಿಗೆ ಈ ಓಕರಿಕೆ ರೋಗವಲ್ಲ, ಗಂಟಲಿನ ಕಾವಲುಗಾರ. ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಮುತ್ತ, ಗಂಟಲಿನ ಹಿಂಗೋಡೆ, ಇವಿಷ್ಟೂ ಅವನ ಗಸ್ತಿನ ಜಾಗ. ಅಲ್ಲಿ ಏನಾದರೂ ತಾಗಿದರೆ ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಒಂಬತ್ತನೆಯದು ಸುದ್ದಿ ಒಯ್ಯುತ್ತದೆ. ಮೆದುಳಿನ ಕಾಂಡ ಯಾರನ್ನೂ ಕೇಳದೆ ತೀರ್ಮಾನ ಮಾಡುತ್ತದೆ. ಹತ್ತನೆಯ ನರ ಹುಕುಂ ತರುತ್ತದೆ, ಗಂಟಲು ಹಿಂಡುತ್ತದೆ. ಇಷ್ಟೆಲ್ಲ ಆಗುವಾಗ ನನ್ನ ಬುದ್ಧಿ ಪೇಸ್ಟಿನ ಟ್ಯೂಬ್ ನೋಡುತ್ತಾ ನಿಂತಿರುತ್ತದೆ. ಹಸುಗೂಸುಗಳಿಗೆ ಈ ಗಸ್ತು ನಾಲಿಗೆಯ ಮುಂಭಾಗದ ತನಕ ಇರುತ್ತದಂತೆ, ತಿಂಗಳು ಕಳೆದ ಹಾಗೆ ಹಿಂದಕ್ಕೆ ಸರಿಯುತ್ತದೆ. ನನ್ನವನು ಅರ್ಧ ದಾರಿಯಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟನೇನೋ.

ನನಗೆ ಸಿಟ್ಟು ಬರುವುದು ಅವನ ಪಕ್ಷಪಾತಕ್ಕೆ. ಮುದ್ದೆ ಇಷ್ಟಿಷ್ಟು ದಪ್ಪ ತುತ್ತು ಮಾಡಿ, ಅಗಿಯದೆ ಸಾರಲ್ಲಿ ಜಾರಿಸಿದರೆ ಸಲಾಂ ಹೊಡೆದು ಬಿಡುತ್ತಾನೆ. ನುಂಗುವಾಗ ಮೆದುಳಿಗೆ ಮೊದಲೇ ಗೊತ್ತು, ಅದಕ್ಕೆ ಬೇರೆಯೇ ಏರ್ಪಾಡು. ಬ್ರಷ್ ಮಾತ್ರ ಬಂದು ಬಂದು ಹೋಗುತ್ತದೆ, ನುಂಗುವ ಹಾಗೂ ಇಲ್ಲ. ಅದರ ಮೇಲೆ ನೊರೆ ಬೇರೆ. ನೊರೆ ಹಿಂದಕ್ಕೆ ಹರಿದರೆ ಕತೆ ಮುಗಿಯಿತು. ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ. ತಲೆ ಕೆಟ್ಟಿದ್ದ ದಿನ, ಬಸ್ಸಿಗೆ ತಡವಾದ ದಿನ ಇನ್ನೂ ಜಾಸ್ತಿ.

ಮದುವೆಯಾಗಿ ಎರಡು ವರ್ಷಕ್ಕೆ ನಿಜವಾಗಿಯೂ ವಿಶೇಷವಾಯಿತು. ಬಸುರಿಯ ವಾಂತಿ ಶುರುವಾಗಿ ವಾರ ಕಳೆದರೂ ಮನೆಯಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಬಚ್ಚಲಿನಲ್ಲಿ ನಾನು ಕರುಳು ಕಿತ್ತು ಬರುವ ಹಾಗೆ ಕಕ್ಕುತ್ತಿದ್ದರೆ ಹೊರಗೆ ಅತ್ತೆ ಹಾಲಿನವನಿಗೆ, "ಅದೇನಿಲ್ಲಪ್ಪ, ನಮ್ಮ ಸೊಸೆ ಹಲ್ಲುಜ್ತಿದ್ದಾಳೆ" ಅನ್ನುತ್ತಿದ್ದರು. ಕೊನೆಗೆ ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಡಾಕ್ಟರು ಆಗ ಹೇಳಿದ ಒಂದು ಮಾತು ಇವತ್ತಿಗೂ ಪಾಲಿಸುತ್ತೇನೆ. ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು. ಹೊಟ್ಟೆಯ ಆಮ್ಲ ಹಲ್ಲಿನ ಹೊರಪದರವನ್ನು ಮೆತ್ತಗೆ ಮಾಡಿರುತ್ತದೆ, ಉಜ್ಜಿದರೆ ಸವೆಯುತ್ತದೆ. ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮುಟ್ಟಬೇಕು.

ಕಾವಲುಗಾರನ ಜೊತೆ ರಾಜಿಗೆ ನಾನು ಮಾಡದ ಕಸರತ್ತಿಲ್ಲ. ಮಗಳ ಬ್ರಷ್ ನೋಡಿ, ಇಷ್ಟು ಪುಟ್ಟ ತಲೆ ಸಾಕಲ್ವಾ ಅನ್ನಿಸಿ ನನಗೂ ಅಂಥದೇ ತಂದೆ. ಹಿಡಿಯ ಮೇಲೆ ಜಿರಾಫೆ ಇದೆ. ಪೇಸ್ಟು ಜಾಹೀರಾತಿನಲ್ಲಿ ತೋರಿಸುವ ಹಾಗೆ ಉದ್ದಕ್ಕೆ ಅಲ್ಲ, ಬಟಾಣಿ ಕಾಳಿನಷ್ಟು. ಖಾರದ ಪುದೀನ ಪೇಸ್ಟು ಬಿಟ್ಟೆ. ತಲೆ ಮುಂದಕ್ಕೆ ಬಾಗಿಸಿದರೆ ನೊರೆ ಹಿಂದೆ ಹೋಗುವುದಿಲ್ಲ. ಮೂಗಲ್ಲೇ ಉಸಿರಾಡಬೇಕು. ನಾಲಿಗೆ ಹೆರೆಯುವ ತಗಡನ್ನು ಮೊದಮೊದಲು ಅರ್ಧಕ್ಕೇ ನಿಲ್ಲಿಸಿ, ವಾರಕ್ಕೊಂದು ಕೂದಲೆಳೆಯಷ್ಟು ಒಳಗೆ ಸರಿಸುತ್ತಾ ಬಂದೆ. ಹೊಸಬರನ್ನು ಕಾವಲುಗಾರನಿಗೆ ನಿಧಾನಕ್ಕೆ ಪರಿಚಯ ಮಾಡಿಸಬೇಕು ನೋಡಿ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಉಂ... ಎಂದು ಗುನುಗುವುದು. ರಾಗ ಯಾವುದಾದರೂ ಆದೀತು.

ಇತ್ತೀಚೆಗೆ ಹಲ್ಲಿನ ಡಾಕ್ಟರು ಕ್ಯಾಪ್ ಹಾಕಲು ಅಚ್ಚು ತೆಗೆಯುವಾಗ ಇನ್ನೊಂದು ಉಪಾಯ ಕಲಿಸಿದರು. ತಣ್ಣಗಿನ ಹಿಟ್ಟಿನಂಥದ್ದು ತುಂಬಿದ ತಟ್ಟೆಯನ್ನು ಬಾಯೊಳಗೆ ಒತ್ತಿ, "ಬಲಗಾಲು ಎತ್ತಿ, ಇಳಿಸಬೇಡಿ" ಎಂದರು. ಬಾಯಿಗೂ ಕಾಲಿಗೂ ಏನು ಸಂಬಂಧ ಅಂತ ಕೇಳೋಣವೆಂದರೆ ಬಾಯಿ ಖಾಲಿಯಿಲ್ಲ. ಕಾಲು ನಡುಗಿತು, ತೊಡೆ ನೋಯಿತು. ಗಂಟಲನ್ನು ವಿಚಾರಿಸಿಕೊಳ್ಳಲು ಮನಸ್ಸಿಗೆ ಪುರುಸೊತ್ತೇ ಸಿಗಲಿಲ್ಲ. ಅಷ್ಟರಲ್ಲಿ ಅಚ್ಚು ಗಟ್ಟಿಯಾಗಿತ್ತು.

ಈಗ ಮನೆಯಲ್ಲೂ ಅದೇ. ಕೊನೇ ಹಲ್ಲು ಬಂದ ಕೂಡಲೇ ಸಿಂಕ್ ಹಿಡಿದುಕೊಂಡು ಬಲಗಾಲು ಎತ್ತುತ್ತೇನೆ, ತಲೆ ಬಗ್ಗಿಸುತ್ತೇನೆ, ಉಂ ಎಂದು ಗುನುಗುತ್ತೇನೆ. ಮೊನ್ನೆ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಹಾಲ್‌ನಲ್ಲಿ ಅತ್ತೆ ಅವರ ಅಕ್ಕನ ಜೊತೆ ಫೋನಿನಲ್ಲಿದ್ದರು. ಮಾತು ಅರೆಗಳಿಗೆ ನಿಂತಿತು. ಆಮೇಲೆ ದನಿ ತಗ್ಗಿಸಿ, "ಹೂಂ ಅಕ್ಕ, ಈಗೀಗ ಯೋಗ ಶುರು ಮಾಡಿದ್ದಾಳೆ" ಎಂದರು.