ವರ್ಷಕ್ಕೊಂದು ಭವಿಷ್ಯ

ಐಟಿ ಓದುತ್ತಿದ್ದೇನೆ ಅಂತ ಒಂದು ಸಲ ಬಾಯಿ ಬಿಟ್ಟು ನೋಡಿ. ಸುತ್ತ ಇದ್ದವರೆಲ್ಲ ಮಾರ್ಗದರ್ಶಕರಾಗಿಬಿಡುತ್ತಾರೆ. ಪಾಸ್‌ವರ್ಡ್ ಮರೆತಾಗಲೆಲ್ಲ ನಿಮ್ಮನ್ನೇ ಹುಡುಕಿಕೊಂಡು ಬರುವ ನೆಂಟರು ಕೂಡ "ಈಗ ಕೋಡಿಂಗ್ ಎಲ್ಲ ಮುಗೀತು, ಎಐ ಕಡೆ ಹೋಗು" ಅನ್ನುತ್ತಾರೆ. ಎಐ ಕಡೆ ಅಂದರೆ ಯಾವ ಕಡೆ ಅಂತ ಕೇಳಬೇಡಿ. ಕೈ ತೋರಿಸುವುದಷ್ಟೇ ಅವರ ಕೆಲಸ, ನಡೆಯುವುದು ನಿಮ್ಮ ಕರ್ಮ.

ಆ ಕೈ ಮಾತ್ರ ಒಂದೇ ಕಡೆ ನಿಲ್ಲುವುದಿಲ್ಲ. 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ ಡೇಟಾ ಸೈಂಟಿಸ್ಟ್ (ರಾಶಿ ಮಾಹಿತಿ ಜಾಲಾಡಿ ಅರ್ಥ ಹುಡುಕುವವರು) ಹುದ್ದೆಯನ್ನು 21ನೇ ಶತಮಾನದ ಅತಿ ಸೆಕ್ಸಿ ಕೆಲಸ ಅಂತ ಕರೆಯಿತು. ಸರಿ, ಎಕ್ಸೆಲ್ ಶೀಟ್ ತೆರೆಯಲು ಬಂದವರೆಲ್ಲ ಡೇಟಾ ಸೈಂಟಿಸ್ಟ್ ಆದರು. 2017ರಲ್ಲಿ ಬಿಟ್‌ಕಾಯಿನ್ ಬೆಲೆ ಏರಿದ್ದೇ ತಡ, ಅದರ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನ ಕಲಿಯದವರಿಗೆ ಭವಿಷ್ಯವೇ ಇಲ್ಲ ಅಂದರು. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ಮೆಟಾ ಅಂತ ಹೆಸರು ಬದಲಿಸಿಕೊಂಡಿತು, ಅದೇ ಜನ ಮೆಟಾವರ್ಸ್ ಅನ್ನುವ ಕಂಪ್ಯೂಟರ್ ಲೋಕದ ಕೋರ್ಸ್ ಹೊತ್ತು ಬಂದರು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು, ಅದಕ್ಕೆ ಸರಿಯಾಗಿ ಪ್ರಶ್ನೆ ಕೇಳುವ ವಿದ್ಯೆ, ಅಂದರೆ ಪ್ರಾಂಪ್ಟ್ ಇಂಜಿನಿಯರಿಂಗ್ ಶುರುವಾಯಿತು. ಡಿಗ್ರಿಗೆ ಮೂರೋ ನಾಲ್ಕೋ ವರ್ಷ ಬೇಕು ಅಲ್ವಾ? ಸೇರುವಾಗ ಕೇಳಿದ ಸಲಹೆ ಹೊರಗೆ ಬರುವಷ್ಟರಲ್ಲಿ ಹಳಸಿರುತ್ತದೆ. ಸಲಹೆ ಕೊಟ್ಟವರು ಮಾತ್ರ ಹಳಸುವುದಿಲ್ಲ, ಅವರು ಸುಮ್ನೆ ವಿಡಿಯೋದ ತಲೆಬರಹ ಬದಲಿಸುತ್ತಾರೆ.

ಇಷ್ಟು ಗಲಾಟೆಯ ನಡುವೆ ಯಾರೋ ಪಾಪದ ಮೇಷ್ಟ್ರು ತರಗತಿಯಲ್ಲಿ ಎಸ್‌ಕ್ಯೂಎಲ್, ಅಂದರೆ ಟೇಬಲ್‌ಗಳಲ್ಲಿ ಜೋಡಿಸಿಟ್ಟ ಮಾಹಿತಿಯನ್ನು ಹುಡುಕಿ ತೆಗೆಯುವ ಭಾಷೆಯ ಪಾಠ ಮಾಡುತ್ತಿರುತ್ತಾರೆ. ಟೇಬಲ್‌ಗಳ ಈ ರಿಲೇಷನಲ್ ಮಾದರಿಯನ್ನು ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ಅವರು ಮಂಡಿಸಿದ್ದು 1970ರಲ್ಲಿ. ಹಿಂದಿನ ಬೆಂಚಿನಲ್ಲಿ ಮೊಬೈಲ್ ಮುಚ್ಚಿಟ್ಟುಕೊಂಡು, ಯಾವಾಗ ಏನು ಕಲಿಯಬೇಕು ಅನ್ನುವ ರೋಡ್‌ಮ್ಯಾಪ್ ನೋಡುತ್ತಿರುವ ಹುಡುಗನಿಗೆ ಅದು ಔಟ್‌ಡೇಟೆಡ್. ಆ ರೋಡ್‌ಮ್ಯಾಪಿಗೆ ಅವನು ಕಟ್ಟಿದ ದುಡ್ಡಿನ ಲೆಕ್ಕ ಬಹುಶಃ ಅದೇ ಔಟ್‌ಡೇಟೆಡ್ ಟೇಬಲ್‌ನಲ್ಲಿ ಭದ್ರವಾಗಿ ಕೂತಿರುತ್ತದೆ. ಕೊಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೆಲಸ ಶುರುವಾಗಿದ್ದು 1959ರಲ್ಲಿ. ಅದು ಸತ್ತೇ ಹೋಯಿತು ಅಂತ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ, ಹಾಗೆ ಹೇಳಿದ ಎಷ್ಟೋ ಜನರ ಸಂಬಳವೂ ಕೊಬಾಲ್ ಓಡಿಸುವ ಬ್ಯಾಂಕುಗಳ ಮೂಲಕವೇ ಬಂದಿರುತ್ತದೆ.

ರೋಡ್‌ಮ್ಯಾಪ್ ವಿಷಯಕ್ಕೆ ಬರೋಣ. "ಆರು ತಿಂಗಳಲ್ಲಿ ಫುಲ್ ಸ್ಟ್ಯಾಕ್." ಅಂದರೆ ಕಣ್ಣಿಗೆ ಕಾಣುವ ಪುಟದಿಂದ ಹಿಂದಿನ ಸರ್ವರ್‌ವರೆಗೆ ಎಲ್ಲ ಬರುತ್ತದಂತೆ. ಮೊದಲ ವಾರ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಎರಡನೇ ತಿಂಗಳು ಆ ಪುಟಕ್ಕೆ ಜೀವ ಕೊಡುವ ರಿಯಾಕ್ಟ್, ಐದನೇ ತಿಂಗಳು ಸಿಸ್ಟಮ್ ಡಿಸೈನ್, ಅಂದರೆ ಕೋಟ್ಯಂತರ ಜನ ಒಟ್ಟಿಗೆ ನುಗ್ಗಿದರೂ ಬೀಳದ ಆ್ಯಪ್ ಕಟ್ಟುವುದು ಹೇಗೆ ಅಂತ. ನಮ್ಮ ಹಿಂದಿನ ಬೆಂಚಿನ ಹುಡುಗ ಕಟ್ಟಿದ, ಮಾಡಬೇಕಾದ ಕೆಲಸ ಬರೆದಿಡುವ ಟು-ಡು ಆ್ಯಪನ್ನು ಈವರೆಗೆ ಬಳಸಿದವನು ಅವನೊಬ್ಬನೇ. ಅದರಲ್ಲಿ ಬರೆದಿಟ್ಟ ಮೊದಲ ಕೆಲಸ 'ಡೇಟಾ ಸ್ಟ್ರಕ್ಚರ್ಸ್ ಓದಬೇಕು', ಆ ಅಡಿಪಾಯದ ಪಾಠ ಇನ್ನೂ ಬಾಕಿ ಇದೆ.

ಆಮೇಲೆ ಗಿಟ್‌ಹಬ್, ಅಂದರೆ ಬರೆದ ಕೋಡನ್ನು ಇಟ್ಟು ಊರಿಗೆಲ್ಲ ತೋರಿಸುವ ತಾಣ. ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು ದಾಖಲಿಸುವುದಕ್ಕೆ ಕಮಿಟ್ ಅನ್ನುತ್ತಾರೆ, ಕಮಿಟ್ ಬಿದ್ದ ದಿನಕ್ಕೆ ಅಲ್ಲೊಂದು ಹಸಿರು ಚೌಕ. ಪ್ರೊಫೈಲ್ ಹಸಿರಾಗಿರಬೇಕಂತೆ, ದಿನಕ್ಕೊಂದು ಕಮಿಟ್ ಆದರೂ ಬೀಳಬೇಕಂತೆ. ಹಾಗಾಗಿ ಇವತ್ತು ಪ್ರಾಜೆಕ್ಟಿನ ವಿವರ ಬರೆಯುವ ರೀಡ್‌ಮಿ ಫೈಲಿಗೆ ಒಂದು ಚುಕ್ಕಿ ಸೇರಿಸಿ ಕಮಿಟ್, ನಾಳೆ ಆ ಚುಕ್ಕಿ ತೆಗೆದು ಇನ್ನೊಂದು ಕಮಿಟ್. ಗಿಟ್‌ಹಬ್‌ನ ಹಿಂದಿರುವ ಗಿಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಮಿಟ್‌ನ ತಾರೀಕನ್ನು ನಾವೇ ಕೊಡಬಹುದು ಅನ್ನುವುದು ಗೊತ್ತಿದ್ದವರು ಒಂದು ಪುಟ್ಟ ಸ್ಕ್ರಿಪ್ಟ್ ಬರೆದು, ಒಂದೇ ಸಂಜೆ ಕೂತು, ಕಳೆದ ವರ್ಷವನ್ನೆಲ್ಲ ಹಸಿರು ಮಾಡಿಬಿಡುತ್ತಾರೆ. (ನನ್ನ ಕೇಳಿದರೆ ಆ ಸ್ಕ್ರಿಪ್ಟ್ ಬರೆದವರನ್ನೇ ಕೆಲಸಕ್ಕೆ ತಗೋಬೇಕು. ಇಡೀ ಪ್ರೊಫೈಲ್‌ನಲ್ಲಿ ಅವರು ನಿಜವಾಗಿ ಬರೆದ ಕೋಡ್ ಅದೊಂದೇ.)

ಇನ್ನು ಕೆಲಸದ ಜಾಹೀರಾತು. "ಫ್ರೆಶರ್ ಬೇಕಾಗಿದ್ದಾರೆ, ಮೂರು ವರ್ಷ ಅನುಭವ ಕಡ್ಡಾಯ." ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. 2020ರಲ್ಲಿ ಸೆಬಾಸ್ಟಿಯನ್ ರಮಿರೆಸ್ ಅನ್ನುವವರು ಟ್ವಿಟರ್‌ನಲ್ಲಿ ಇಂಥದ್ದೇ ಒಂದು ಜಾಹೀರಾತಿನ ಬಗ್ಗೆ ಬರೆದರು. ಅದರಲ್ಲಿ ಫಾಸ್ಟ್‌ಎಪಿಐ ಅನ್ನುವ, ವೆಬ್ ಸೇವೆ ಕಟ್ಟುವ ಸಾಫ್ಟ್‌ವೇರ್ ಸಾಧನದಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ಅನುಭವ ಕೇಳಿದ್ದರು. ತನಗೆ ಅರ್ಜಿ ಹಾಕಲು ಆಗುವುದಿಲ್ಲ, ಇರುವುದು ಬರೀ ಒಂದೂವರೆ ವರ್ಷದ ಅನುಭವ ಅಂದರು ಅವರು. ಯಾಕೆಂದರೆ ಫಾಸ್ಟ್‌ಎಪಿಐ ಹುಟ್ಟಿ ಅಷ್ಟೇ ಆಗಿತ್ತು, ಹುಟ್ಟಿಸಿದವರು ಅವರೇ.

ಇದನ್ನು ಕೆರಿಯರ್ ಗುರುಗಳ ಮುಂದೆ ಇಟ್ಟು ನೋಡಿ. ತಪ್ಪು ಜಾಹೀರಾತಿನದ್ದು ಅನ್ನುವುದಿಲ್ಲ. ನಿಮ್ಮಲ್ಲಿ ಆತ್ಮವಿಶ್ವಾಸ ಕಮ್ಮಿ, ನೆಟ್‌ವರ್ಕಿಂಗ್ ಸಾಲದು, ರೆಸ್ಯೂಮೆಯಲ್ಲಿ ಕೀವರ್ಡ್ ಇಲ್ಲ ಅನ್ನುತ್ತಾರೆ. ಕೀವರ್ಡ್ ಯಾಕೆ ಅಂದರೆ ರೆಸ್ಯೂಮೆಯನ್ನು ಮೊದಲು ಜರಡಿ ಹಿಡಿಯುವುದು ಸಾಫ್ಟ್‌ವೇರ್. ಆ ಸಾಫ್ಟ್‌ವೇರನ್ನು ದಾಟಲು ವಿದ್ಯಾರ್ಥಿ ಇನ್ನೊಂದು ಎಐ ಹತ್ತಿರ ಹೋಗಿ, ನಿಮ್ಮ ಸಂಸ್ಥೆಯ ಧ್ಯೇಯ ಕಂಡು ನನ್ನ ಮನಸ್ಸು ತುಂಬಿ ಬಂತು ಅನ್ನುವ ಧಾಟಿಯ ಕವರ್ ಲೆಟರ್ ಬರೆಸುತ್ತಾನೆ. ಬರೆದದ್ದೂ ಯಂತ್ರ, ಓದಿದ್ದೂ ಯಂತ್ರ. ಅವನು ರಾತ್ರಿ 2 ಗಂಟೆಗೆ ಅರ್ಜಿ ಕಳಿಸುತ್ತಾನೆ. 2 ಗಂಟೆ 3 ನಿಮಿಷಕ್ಕೆ ಉತ್ತರ ಬರುತ್ತದೆ: "ನಮ್ಮ ತಂಡ ನಿಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದೆ."