ಜೋನಿ ಬೆಲ್ಲ ಅಂದುಕೊಂಡು ಕಚ್ಚಿದ ಟೋಸ್ಟ್

ಇಂಗ್ಲೆಂಡಿಗೆ ಬಂದ ಮೊದಲ ವಾರ ಅಮ್ಮ ಫೋನಿನಲ್ಲಿ "ಬೆಳಿಗ್ಗೆ ಏನು ತಿಂದ್ಯೋ?" ಅಂತ ಕೇಳಿದಳು. ಟೋಸ್ಟ್ ಅಂದೆ. "ಅಯ್ಯೋ, ಜ್ವರ ಬಂತಾ?"

ಅವಳದ್ದೇನೂ ತಪ್ಪಿಲ್ಲ. ನಮ್ಮನೆಯಲ್ಲಿ ಬ್ರೆಡ್ಡು ಬರುತ್ತಿದ್ದದ್ದೇ ಯಾರಾದರೂ ಮಲಗಿದಾಗ. ಇಲ್ಲವೇ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ, ಮೂಸಂಬಿ ಜೊತೆ ಒಂದು ಪೌಂಡು. ಅಯ್ಯಂಗಾರ್ ಬೇಕರಿಯ ಖಾರದ ಟೋಸ್ಟಿನ ಲೆಕ್ಕ ಬೇರೆ, ಅದು ಸಂಜೆಯ ಬಾಯಿಚಪಲ.

ನಾನು ಬಾಡಿಗೆಗೆ ಇದ್ದದ್ದು ಬರ್ಟನ್ ಅಪಾನ್ ಟ್ರೆಂಟಿನಲ್ಲಿ. ಬಿಯರಿಗೆ ಹೆಸರಾದ ಊರು. ಬಿಯರ್ ಮಾಡಿ ಉಳಿದ ಯೀಸ್ಟಿನಿಂದ 1902ರಲ್ಲಿ ಅಲ್ಲಿ ಒಂದು ಪದಾರ್ಥ ಶುರುವಾಯಿತು, ಅದೇ ಮಾರ್ಮೈಟ್. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲ ದಿನ ಟೇಬಲ್ ಮೇಲೆ ಕಂಡಿದ್ದು ಕಪ್ಪಗೆ, ಅಂಟಂಟಾಗಿ, ಗುಂಡು ಬಾಟಲಿಯಲ್ಲಿದ್ದ ಒಂದು ವಸ್ತು. ಮಲೆನಾಡಿನವನಿಗೆ ಏನು ನೆನಪಾಗಬೇಕು ಹೇಳಿ? ಜೋನಿ ಬೆಲ್ಲ! ಧಾರಾಳವಾಗಿ ಸವರಿದೆ. ಎದುರು ಕೂತಿದ್ದ ಮನೆ ಓನರ್ ಅಜ್ಜಿ "ಬೇಡ, ಬೇಡ" ಅನ್ನುವಷ್ಟರಲ್ಲಿ ಕಚ್ಚಿಯಾಗಿತ್ತು. ಉಪ್ಪಿನ ಡಬ್ಬಿಗೇ ಬಾಯಿ ಹಾಕಿದ ಹಾಗಾಯಿತು.

ಅಜ್ಜಿ ನಗಲಿಲ್ಲ. ಇನ್ನೊಂದು ಟೋಸ್ಟಿಗೆ ಮೊದಲು ಬೆಣ್ಣೆ ಹಚ್ಚಿದರು. ಚಾಕುವಿನ ತುದಿಗೆ ಕಡಲೆಕಾಳಿನಷ್ಟು ಮಾರ್ಮೈಟ್ ತಗೊಂಡು, ಕೆಳಗಿನ ಬೆಣ್ಣೆ ಕಾಣುವಷ್ಟು ತೆಳ್ಳಗೆ ಎಳೆದರು. ತಿಂದೆ. ಅರೆ, ಇದು ಜಾಮ್ ಅಲ್ಲ, ಉಪ್ಪಿನಕಾಯಿ ರಸ! ಉಪ್ಪಿನಕಾಯಿಯನ್ನು ಯಾರಾದರೂ ಬಟ್ಟಲುಗಟ್ಟಲೆ ತಿಂತಾರಾ?

ಅದಕ್ಕೇ ಹೇಳೋದು, ಇಂಗ್ಲಿಷರ ಊಟ ಸಪ್ಪೆ ಅನ್ನುವವರು ಅವರ ಟೋಸ್ಟ್ ಮೇಲೆ ಏನಿದೆ ಅಂತ ಸರಿಯಾಗಿ ನೋಡಿಲ್ಲ.

ಈ ಮಾರ್ಮೈಟಿಗೂ ನಮಗೂ ಹಳೇ ನಂಟು ಇದೆ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ಡಾಕ್ಟರ್ ಬಾಂಬೆಗೆ ಬಂದರು. ಬಟ್ಟೆ ಗಿರಣಿಗಳ ಬಸುರಿ ಹೆಂಗಸರಿಗೆ ರಕ್ತ ಯಾಕೆ ಇಷ್ಟು ಕಡಿಮೆಯಾಗುತ್ತದೆ ಅಂತ ಹುಡುಕುತ್ತಿದ್ದರು. ಮಾರ್ಮೈಟ್ ಕೊಟ್ಟು ನೋಡಿದರೆ ಹುಷಾರಾದರು! 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದರಲ್ಲಿದ್ದ ಅಂಶಕ್ಕೆ ಆಮೇಲೆ ಫೋಲಿಕ್ ಆಸಿಡ್ ಅಂತ ಹೆಸರು ಬಂತು. ಇವತ್ತು ನಮ್ಮೂರ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೂ ಇರುತ್ತದೆ.

ಇನ್ನು ಬೆಣ್ಣೆ. 1748ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಪೆರ್ ಕಾಲ್ಮ್ ಅನ್ನುವ ಸ್ವೀಡನ್ನಿನವನು, ಇವರ ಮನೆಗಳು ಚಳಿ, ಬೆಣ್ಣೆ ಸವರೋಕೆ ಆಗಲ್ಲ, ಅದಕ್ಕೇ ಬ್ರೆಡ್ಡು ಬಿಸಿ ಮಾಡೋದು ಕಲಿತಿರಬೇಕು ಅಂತ ಬರೆದಿದ್ದಾನೆ. ನವೆಂಬರಿನಲ್ಲಿ ಅಜ್ಜಿಯ ಅಡುಗೆಮನೆಯಲ್ಲಿ ನಿಂತವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಆದರೆ ಇಷ್ಟು ತಿಳಿದ ಜನ ಟೋಸ್ಟನ್ನು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ ಆರಿಸುತ್ತಾರಲ್ಲ, ಯಾಕೆ? ಮೆತ್ತಗಾಗಬಾರದಂತೆ. ಕಾವಲಿಯಿಂದ ನೇರ ತಟ್ಟೆಗೆ ದೋಸೆ ಬೀಳುವ ಮನೆಯಲ್ಲಿ ಬೆಳೆದವನಿಗೆ ಇದು ಸಂಕಟ.

ಟೋಸ್ಟ್ ಮೇಲೆ ಸುರಿಯುವ ಬೀನ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಸಿಹಿ ಟೊಮೆಟೊ ಗೊಜ್ಜಿನಲ್ಲಿ ಮುಳುಗಿದ ಕಾಳು, ಕೆಳಗೆ ನೆನೆದು ಒದ್ದೆಯಾದ ಬ್ರೆಡ್ಡು. ಒಂದು ಒಗ್ಗರಣೆಯಾದರೂ ಬೇಡವಾ? ಸಿನಿಮಾದಲ್ಲಿ ಕಾಣುವ ಮೊಟ್ಟೆ, ಬೇಕನ್, ಸಾಸೇಜಿನ ತುಂಬಿದ ತಟ್ಟೆ ಆ ಮನೆಯಲ್ಲಿ ಭಾನುವಾರ ಮಾತ್ರ. ಉಳಿದ ದಿನ ಟೋಸ್ಟು, ಚಹಾ, ಮೌನ.

ನಾನು ಪೂರ್ತಿ ಸೋತಿದ್ದು ಮಾರ್ಮಲೇಡಿಗೆ, ಅಂದರೆ ಕಿತ್ತಳೆ ಸಿಪ್ಪೆ ಹಾಕಿದ ಜಾಮಿಗೆ. ಜನವರಿಯಲ್ಲಿ ಸ್ಪೇನಿನಿಂದ ಸೆವಿಲ್ ಕಿತ್ತಳೆ ಬರುತ್ತದೆ. ಹಾಗೇ ತಿನ್ನೋಕಾಗದಷ್ಟು ಕಹಿ, ಹುಳಿ. ಕೆಲವೇ ವಾರ ಸಿಗುತ್ತದೆ. ಅಜ್ಜಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಬೀಜ ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ಜೊತೆಗೇ ಬೇಯಿಸಿದರು. ಗಟ್ಟಿಯಾಗೋದು ಆ ಬೀಜದ ಅಂಟಿನಿಂದಲೇ ಅಂತೆ. ಆಮೇಲೆ ಸಕ್ಕರೆ. ಹದ ನೋಡೋಕೆ ಫ್ರೀಜರಿನಲ್ಲಿಟ್ಟ ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದರು. ಹರಿಯಿತು. ಐದು ನಿಮಿಷ ಬಿಟ್ಟು ಮತ್ತೆ ತಳ್ಳಿದರು. ಈ ಸಲ ಮೇಲೆ ಸಣ್ಣ ಸುಕ್ಕು ಬಂತು. ಒಲೆ ಆರಿಸಿದರು. ಎಳೆಪಾಕ ಬಂತಾ ಅಂತ ಬೆರಳಿಗೆ ಅಂಟಿಸಿ ನೋಡುವ ನಮ್ಮ ದೊಡ್ಡಮ್ಮನ ಮುಖವೂ ಆಗ ಹೀಗೇ ಇರುತ್ತದೆ.

ಹೋದ ಸಲ ಊರಿಗೆ ಒಂದು ಬಾಟಲಿ ಒಯ್ದಿದ್ದೆ. ಅಮ್ಮ ಬೆರಳ ತುದಿಯಲ್ಲಿ ನೆಕ್ಕಿ, "ಇದು ಹೇರಳೆಕಾಯಿ ಅಲ್ವೇನೋ? ಬೆಲ್ಲ ಬಿಟ್ಟು ಸಕ್ಕರೆ ಯಾಕೆ ಹಾಕಿದಾರೆ?" ಅಂದಳು. ಬ್ರೆಡ್ಡು ತರಲಾ ಅಂತ ಕೇಳಿದೆ. "ಯಾರಿಗೆ ಜ್ವರ?" ಅಂದವಳು ದೋಸೆ ಜೊತೆ ನಾಲ್ಕೇ ದಿನದಲ್ಲಿ ಬಾಟಲಿ ಖಾಲಿ ಮಾಡಿದಳು.