ನೌಕಾಪಡೆಯೂ ಬೇಕು, ಭೀಮಗಡವೂ ಬೇಕು

ಡಿಸೆಂಬರ್ 4 ಬಂದರೆ ಸಾಕು, ನಮ್ಮ ಬೆಳಗಾವಿಯ ವಾಟ್ಸಾಪ್ ಗ್ರೂಪುಗಳ ತುಂಬ ಯುದ್ಧನೌಕೆಗಳ ಫೋಟೋ. ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು ನಮ್ಮದು, ಮಿಲಿಟರಿ ಅಂದ್ರೆ ಅಭಿಮಾನ ಜಾಸ್ತಿನೇ. ಅದರ ನಡುವೆ ಒಬ್ಬರು ಬರೆದಿದ್ದರು: 'ದೇಶದ ರಕ್ಷಣೆ ಮುಖ್ಯ. ನಾಲ್ಕು ಗಿಡ ಹೋದ್ರೆ ಏನಾಯ್ತು?' ಲೈಕುಗಳೋ ಲೈಕುಗಳು.

ತಮಾಷೆ ಏನಂದ್ರೆ, ಡಿಸೆಂಬರ್ 4 ನೌಕಾಪಡೆ ದಿನ ಆಗಲು ಕಾರಣವಾದ ಸರ್ಕಾರವೇ ಈ ದೇಶದ ಕಾಡಿಗೆ ಬೀಗ ಹಾಕಿದ್ದು.

1965ರ ಯುದ್ಧ ನೆನಪಿಸಿಕೊಳ್ಳಿ. ಪಾಕಿಸ್ತಾನದ ನೌಕೆಗಳು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ನಮ್ಮವರಿಗೆ ಪೋರಬಂದರಿನಿಂದ ಉತ್ತರಕ್ಕೆ ಹೋಗಬೇಡಿ ಎಂಬ ಆದೇಶ ಇತ್ತು. ಆ ಸಿಟ್ಟು ನೌಕಾಪಡೆಯಲ್ಲಿ ಆರಿರಲಿಲ್ಲ. 1971ರಲ್ಲಿ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ನಂದಾ ನೇರವಾಗಿ ಇಂದಿರಾ ಗಾಂಧಿಯವರ ಬಳಿ ಹೋಗಿ, ಕರಾಚಿಗೆ ನುಗ್ಗಲು ಸರ್ಕಾರದ ಅಡ್ಡಿ ಇದೆಯಾ ಎಂದು ಕೇಳಿದರು. ಇಂದಿರಾ ತಡೆಯಲಿಲ್ಲ. ಆಮೇಲಿನದು ಗೊತ್ತೇ ಇದೆ. ರಷ್ಯಾದಿಂದ ತಂದ ಪುಟ್ಟ ಕ್ಷಿಪಣಿ ದೋಣಿಗಳು ಬಂದರು ಕಾಯಲಿಕ್ಕೆ ಮಾಡಿದಂಥವು, ದೂರ ಹೋಗುವ ತಾಕತ್ತಿಲ್ಲ. ಹಗ್ಗ ಕಟ್ಟಿ ದೊಡ್ಡ ಹಡಗುಗಳಿಂದ ಎಳೆಸಿಕೊಂಡು ಹೋದರು. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಡಿಸೆಂಬರ್ 4ರ ರಾತ್ರಿ ಕರಾಚಿ ಕಡೆ ಕ್ಷಿಪಣಿ ಬಿಟ್ಟು, ಒಂದು ದೋಣಿಯನ್ನೂ ಕಳೆದುಕೊಳ್ಳದೆ ವಾಪಸ್ ಬಂದವು.

ಯುದ್ಧ ಮುಗಿದು ಆರು ತಿಂಗಳಿಗೆ, 1972ರ ಜೂನ್‌ನಲ್ಲಿ, ಅದೇ ಇಂದಿರಾ ಸ್ಟಾಕ್‌ಹೋಮ್‌ನ ಪರಿಸರ ಸಮ್ಮೇಳನದಲ್ಲಿದ್ದರು. ಆತಿಥೇಯ ಸ್ವೀಡನ್ ಬಿಟ್ಟರೆ ಅಲ್ಲಿಗೆ ಬಂದ ಪ್ರಧಾನಿ ಅವರೊಬ್ಬರೇ. ಅದೇ ವರ್ಷ ವನ್ಯಜೀವಿ ಕಾಯ್ದೆ, ಮರುವರ್ಷ ಹುಲಿ ಯೋಜನೆ. ಮೊದಲ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ದೆಹಲಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ ಎಂದಾಯಿತು.

ನಾನು ಇಂದಿರಾ ಭಕ್ತ ಅಲ್ಲ. ತುರ್ತು ಪರಿಸ್ಥಿತಿಯನ್ನು ಮರೆಯೋದೂ ಇಲ್ಲ. ಕಾಡನ್ನು ಕೇಂದ್ರ, ರಾಜ್ಯ ಇಬ್ಬರ ಕೈಗೂ ಕೊಟ್ಟ ಸಂವಿಧಾನದ 42ನೇ ತಿದ್ದುಪಡಿ ಬಂದಿದ್ದೂ ಆ ಕೆಟ್ಟ ಕಾಲದಲ್ಲೇ, 1976ರಲ್ಲಿ. ಹುಲಿಗಾಗಿ ಕಾಡಿನ ಜನರನ್ನು ಎಬ್ಬಿಸಿದ್ದೂ ನಿಜ. ಆದರೂ ಕಾಡಿನ ವಿಷಯದಲ್ಲಿ ನನ್ನ ಓಟು ಅವರಿಗೇ.

ಕಾಡು ಉಳಿಸಿದರೆ ರಕ್ಷಣೆ ಕೆಡುತ್ತೆ ಅನ್ನೋರು ಕಾರವಾರಕ್ಕೆ ಹೋಗಿ ಬನ್ನಿ. ಅಲ್ಲಿನ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಅಡಿಗಲ್ಲು ಬಿದ್ದಿದ್ದು 1986ರಲ್ಲಿ, ಅಂದರೆ 1980ರ ಅರಣ್ಯ ಕಾಯ್ದೆ ಜಾರಿಯಲ್ಲಿದ್ದಾಗಲೇ. ಘಟ್ಟದ ಬುಡದಲ್ಲಿ ಅಷ್ಟು ದೊಡ್ಡ ನೌಕಾನೆಲೆ ಎದ್ದು ನಿಂತಿತು. ಕಷ್ಟಪಟ್ಟವರು ಮನೆ, ಗದ್ದೆ ಬಿಟ್ಟುಕೊಟ್ಟ ಕಾರವಾರ, ಅಂಕೋಲಾ ಕಡೆಯ ಜನ. ಅವರ ಬಗ್ಗೆ ಈ ಗ್ರೂಪುಗಳಲ್ಲಿ ಯಾರೂ ಸೊಲ್ಲೆತ್ತಲ್ಲ, ಅದು ಬೇರೆ ಮಾತು. 2023ರಲ್ಲಿ ಆ ಕಾಯ್ದೆ ತಿದ್ದಿ, ದೇಶದ ಗಡಿಯಿಂದ 100 ಕಿ.ಮೀ. ಒಳಗೆ ರಕ್ಷಣೆಗೆ ಬೇಕಾದ ರಸ್ತೆಯಂಥ ಯೋಜನೆಗಳಿಗೆ ವಿನಾಯಿತಿ ಕೊಟ್ಟರು. ರಕ್ಷಣೆಯ ಹೆಸರು ಹೇಳಿದ ಕೂಡಲೇ ಕೇಳುವವರೇ ಇಲ್ಲ ಅಂತಾದರೆ ನನಗಂತೂ ದಿಗಿಲು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಕಳಸಾ-ಬಂಡೂರಿ, ಅಂದರೆ ಮಹದಾಯಿ ಕಡೆಯ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಈ ಯೋಜನೆಗೆ 3.9 ಟಿಎಂಸಿ ಕೊಟ್ಟಿದೆ. ನೀರು ಬೇಕು, ಮಲಪ್ರಭೆಯ ರೈತರ ಹೋರಾಟಕ್ಕೆ ನನ್ನ ಬೆಂಬಲವೂ ಇದೆ. ಆದರೆ ಅರಣ್ಯ ಅನುಮತಿ ಬೇಕು ಅಂದಿದ್ದೇ ನಮಗೆ ಮಾಡಿದ ದ್ರೋಹ ಅನ್ನೋ ಹಾಗೆ ಭಾಷಣ ಮಾಡುತ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಮಲಪ್ರಭೆ ಹುಟ್ಟೋದು ಕಣಕುಂಬಿಯಲ್ಲಿ, ಭೀಮಗಡ ವನ್ಯಜೀವಿಧಾಮ ಇರುವ ಖಾನಾಪುರದ ಕಾಡಿನ ನಡುವೆ. ಕಾಡು ಬೋಳಾದರೆ ನವಿಲುತೀರ್ಥದ ಡ್ಯಾಮಿಗೆ ಏನು ಬರುತ್ತೆ, ಬರೀ ಕೆಸರಾ?

ಮುಂದಿನ ಸಲ ಸುವರ್ಣ ಸೌಧದಲ್ಲಿ ಅಧಿವೇಶನ ಕೂತಾಗ ನಮ್ಮ ಶಾಸಕರು ಒಂದು ಲೆಕ್ಕ ಕೇಳಲಿ. ಈ ಯೋಜನೆಗೆ ಎಷ್ಟು ಗಿಡ ಹೋಗುತ್ತವೆ, ಕಾಲುವೆ ಬದಲು ಪೈಪ್ ಹಾಕಿದರೆ ಎಷ್ಟು ಉಳಿಯುತ್ತವೆ? ಆ ಉತ್ತರ ಗ್ರೂಪಿಗೆ ಹಾಕಿ, ಮೊದಲ ಲೈಕ್ ನಂದೇ.